ಡ್ರೈನ್ ಬೋಲ್ಟ್ ಬಿದ್ದು ಇಂಜಿನ್ ಸೀಜ್ ಆಗಿದೆ: ಗ್ಯಾರೇಜಿನವರನ್ನು ಹೊಣೆ ಮಾಡುವುದು ಹೇಗೆ?

ಪ್ರಶ್ನೆ: ಮಾನ್ಯರೇ, ನಾನು ಗುಬ್ಬಿಯವನು. ನನ್ನ ಪತ್ನಿಯ ಹೆಸರಿನಲ್ಲಿರುವ ಒಂಬತ್ತು ವರ್ಷ ಹಳೆಯ ಡೀಸೆಲ್ ಕಾರನ್ನು ಕಳೆದ ತಿಂಗಳು ತುಮಕೂರಿನ ಅಂತರಸನಹಳ್ಳಿ ಕಡೆಯ ಒಂದು ಗ್ಯಾರೇಜಿನಲ್ಲಿ ಸರ್ವಿಸ್‌ಗೆ ಬಿಟ್ಟಿದ್ದೆ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಬದಲಿಸಿದ್ದಕ್ಕೆ 7,400 ರೂಪಾಯಿಯನ್ನು ಫೋನ್‌ಪೇಯಲ್ಲಿ ಕೊಟ್ಟೆ. ಬಿಲ್ ಎಂದು ಸಿಕ್ಕಿದ್ದು ಒಂದು ಕೈಬರಹದ ಚೀಟಿ. ಒಂದು ವಾರವೂ ಕಳೆದಿರಲಿಲ್ಲ, ಬೆಂಗಳೂರಿಗೆ ಹೋಗುವಾಗ ಹಿರೇಹಳ್ಳಿ ದಾಟಿದ ಮೇಲೆ ಕೆಂಪು ಆಯಿಲ್ ದೀಪ ಹೊತ್ತಿತು. ಸ್ವಲ್ಪ ದೂರ ಓಡಿಸಿದ್ದು ನಿಜ. ಇಂಜಿನ್ ಬಡಿದುಕೊಂಡು ನಿಂತುಹೋಯಿತು. ಟೋಯಿಂಗ್ ಮಾಡಿಸಿ ಬೇರೆ ಗ್ಯಾರೇಜಿಗೆ ತಂದರೆ, ಹಳೆಯ ಆಯಿಲ್ ಹೊರಬಿಡಲು ಇಂಜಿನ್ ಅಡಿಯಲ್ಲಿರುವ ಡ್ರೈನ್ ಬೋಲ್ಟೇ ಇಲ್ಲ, ಇಂಜಿನ್ ಸೀಜ್ ಆಗಿದೆ, 92,000 ರೂಪಾಯಿ ಆಗುತ್ತದೆ ಎಂದರು. ಇಂಜಿನ್ ಇನ್ನೂ ಬಿಚ್ಚಿಲ್ಲ. ಮೊದಲಿನ ಗ್ಯಾರೇಜಿನವರು ‘ಕಲ್ಲು ಹೊಡೆದು ಬಿದ್ದಿರುತ್ತೆ, ನಮಗೆ ಸಂಬಂಧವಿಲ್ಲ’ ಎನ್ನುತ್ತಿದ್ದಾರೆ. ಯಾವ ನ್ಯಾಯಾಲಯಕ್ಕೆ ಹೋಗಬೇಕು? ವಕೀಲರು ಬೇಕೇ ಬೇಕೆ? ಎಷ್ಟು ಪರಿಹಾರ ಕೇಳಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಮಾತೆಂದರೆ ಇಂಜಿನ್ ಇನ್ನೂ ಬಿಚ್ಚಿಲ್ಲ ಎಂಬುದು. ಈ ಉತ್ತರವನ್ನು ಪೂರ್ತಿ ಓದುವವರೆಗೆ ದಯವಿಟ್ಟು ಬಿಚ್ಚಿಸಬೇಡಿ. ಮೆಕ್ಯಾನಿಕ್‌ನ ನಿರ್ಲಕ್ಷ್ಯದ ವಿರುದ್ಧ ಬರುವ ದೂರುಗಳಲ್ಲಿ ಹೆಚ್ಚಿನವು ಕಾನೂನಿನ ಬಲ ಸಾಲದೆ ಬಿದ್ದುಹೋಗುವುದಿಲ್ಲ. ಗಾಡಿ ರಿಪೇರಿಯಾಗಿ, ಹಳೆಯ ಭಾಗಗಳು ಗುಜರಿಗೆ ಹೋದ ಮೇಲೆ, ಯಾರ ಕೈಯಿಂದ ಏನಾಯಿತು ಎಂದು ತೋರಿಸಲು ಏನೂ ಉಳಿಯದೆ ಬಿದ್ದುಹೋಗುತ್ತವೆ. ಸೇವೆಯಲ್ಲಿ ನ್ಯೂನತೆ ಇತ್ತೆಂದು ಸಾಬೀತುಪಡಿಸುವ ಹೊಣೆ ದೂರುದಾರರದೇ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಸಾಕ್ಷ್ಯವೆಲ್ಲ ಈಗ ಆ ಎರಡನೆಯ ಗ್ಯಾರೇಜಿನಲ್ಲಿ, ಕಾರಿನ ಅಡಿಯಲ್ಲಿದೆ.

ಮೊದಲು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ಮುಗಿಸಿಬಿಡುತ್ತೇನೆ. ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಲು ಅಡ್ಡಿಯಿಲ್ಲ, ಆದರೆ ಅಲ್ಲಿ ನ್ಯಾಯಾಲಯ ಶುಲ್ಕವಿದೆ, ವಿಚಾರಣೆಯ ಕ್ರಮವೂ ಉದ್ದ. ನಿಮ್ಮಂಥ ಪ್ರಕರಣಕ್ಕೆ ಹೇಳಿ ಮಾಡಿಸಿದ ಜಾಗ ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ನ್ಯೂನತೆ’ ಎಂಬುದರ ವ್ಯಾಖ್ಯೆಯೊಳಗೇ ಗ್ರಾಹಕನಿಗೆ ನಷ್ಟ ತರುವ ನಿರ್ಲಕ್ಷ್ಯವನ್ನೂ, ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ಸೇರಿಸಲಾಗಿದೆ. ಜಿಲ್ಲಾ ಆಯೋಗದ ವ್ಯಾಪ್ತಿ 50 ಲಕ್ಷ ರೂಪಾಯಿವರೆಗೆ. ಇದನ್ನು ಲೆಕ್ಕ ಹಾಕುವುದು ನೀವು ಕೇಳುವ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ. ಆ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ದೂರಿಗೆ ಶುಲ್ಕವಿಲ್ಲ. ನೀವು ಕೊಟ್ಟಿದ್ದು 7,400 ರೂಪಾಯಿ, ಆದ್ದರಿಂದ ಒಂದು ಲಕ್ಷ ಕೇಳಿದರೂ ಶುಲ್ಕ ಕಟ್ಟಬೇಕಾಗಿಲ್ಲ. ವಕೀಲರು ಕಡ್ಡಾಯವಲ್ಲ, ದೂರುದಾರರೇ ನಿಂತು ವಾದಿಸಬಹುದು, ದೂರನ್ನು ಕನ್ನಡದಲ್ಲಿಯೇ ಬರೆದು ಕೊಡಬಹುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ‘ಕಲ್ಲು ಹೊಡೆದಿದೆ’ ಎಂಬ ಉತ್ತರ ಈ ಬಗೆಯ ಪ್ರಕರಣಗಳಲ್ಲಿ ಮಾಮೂಲಿಯಾಗಿ ಬರುವಂಥದ್ದು. ಅದು ನಿಜವೋ ಸುಳ್ಳೋ ಎಂಬುದನ್ನು ಇಂಜಿನ್ ಅಡಿಯ ಆಯಿಲ್ ಚೇಂಬರಿನಲ್ಲಿ ಬೋಲ್ಟ್ ಇದ್ದ ಆ ತೂತೇ ಹೇಳುತ್ತದೆ. ಕಲ್ಲು ಹೊಡೆದಿದ್ದರೆ ತೂತಿನ ಸುತ್ತ ಲೋಹ ತಗ್ಗಿರಬೇಕು, ಗೀರಿರಬೇಕು ಅಥವಾ ಬಿರುಕು ಬಿಟ್ಟಿರಬೇಕು. ಬೋಲ್ಟಿನ ತಲೆ ಮುರಿದು ಅದರ ಕಾಂಡ ಒಳಗೇ ಉಳಿದಿರುವ ಸಂಭವವೂ ಹೆಚ್ಚು. ಸುತ್ತಲಿನ ಲೋಹ ನಯವಾಗಿದ್ದು, ತೂತಿನೊಳಗಿನ ಥ್ರೆಡ್ (ಬೋಲ್ಟ್ ಕೂರುವ ಸುರುಳಿ ಗೆರೆ) ಹಾಗೆಯೇ ಇದ್ದರೆ, ಬೋಲ್ಟ್ ತಿರುಗುತ್ತ ತಿರುಗುತ್ತ ತಾನಾಗಿ ಕಳಚಿಬಿದ್ದಿದೆ, ಅಂದರೆ ಅದನ್ನು ಸರಿಯಾಗಿ ಬಿಗಿದಿರಲಿಲ್ಲ ಎಂಬ ತೀರ್ಮಾನಕ್ಕೆ ಬರಬಹುದು. ಥ್ರೆಡ್ ಕಿತ್ತುಬಂದು ಅಲ್ಯೂಮಿನಿಯಂನ ಚೂರು ಕಾಣುತ್ತಿದ್ದರೆ ಅಳತೆ ಮೀರಿ ಬಿಗಿದಿರಬಹುದು, ಇಲ್ಲವೇ ಮೊದಲೇ ಹಾಳಾಗಿದ್ದ ಥ್ರೆಡ್‌ಗೆ ಹಾಗೆಯೇ ಬೋಲ್ಟ್ ಹಾಕಿ ಕಳಿಸಿರಬಹುದು. ಈ ಕೊನೆಯದನ್ನು ಗ್ಯಾರೇಜಿನವರು ‘ಮೊದಲೇ ಹಾಳಾಗಿತ್ತು’ ಎಂದು ತಮ್ಮ ಪರವಾಗಿ ಹೇಳಿಕೊಳ್ಳುತ್ತಾರೆ. ಆದರೆ ಆಯಿಲ್ ಬದಲಿಸುವಾಗ ಆ ಬೋಲ್ಟನ್ನು ಬಿಚ್ಚಿ ಹಾಕಿದವರು ಅವರೇ ಆದ್ದರಿಂದ, ಅದು ಕೈಗೆ ತಿಳಿದಿರಲೇಬೇಕು ಮತ್ತು ತಿಳಿದ ಮೇಲೆ ಮಾಲೀಕರಿಗೆ ಹೇಳಲೇಬೇಕಿತ್ತು. ಹೇಳದೆ ಕಳಿಸಿದ್ದೂ ನ್ಯೂನತೆಯೇ.

ಇನ್ನೊಂದು ಗುರುತು ನಿಮ್ಮ ಮನೆಯ ಮುಂದೆಯೇ ಇರಬಹುದು. ಸಡಿಲವಾದ ಬೋಲ್ಟ್ ಒಂದೇ ಸಲಕ್ಕೆ ಬೀಳುವುದು ಕಡಿಮೆ; ಅದಕ್ಕೂ ಮೊದಲು ಕೆಲವು ದಿನ ಆಯಿಲ್ ಜಿನುಗುತ್ತದೆ. ಸರ್ವಿಸ್ ಆದ ಮೇಲೆ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಇದ್ದರೆ ಅದರ ಫೋಟೋ ತೆಗೆಯಿರಿ. ಕಾರಿನ ಅಡಿಭಾಗದಲ್ಲಿ ಚೇಂಬರಿನಿಂದ ಹಿಂದಕ್ಕೆ ಆಯಿಲ್ ಹರಡಿರುವ ರೀತಿಯನ್ನೂ ತೆಗೆಯಿರಿ, ಏಕೆಂದರೆ ಮೊದಲೇ ಜಿನುಗಿದ್ದ ಆಯಿಲ್ ಮೇಲೆ ಧೂಳು ಕೂತು ಗಟ್ಟಿಯಾಗಿರುತ್ತದೆ, ಆಮೇಲೆ ಒಮ್ಮೆಗೇ ಸುರಿದದ್ದು ಹಸಿಯಾಗಿ ಬೇರೆಯಾಗಿಯೇ ಕಾಣುತ್ತದೆ. ಯಾರೂ ಅದನ್ನು ತೊಳೆಯದಂತೆ ನೋಡಿಕೊಳ್ಳಿ. ಮುಂದಿನ ಸರ್ವಿಸ್ ಎಷ್ಟು ಕಿಲೋಮೀಟರಿಗೆ ಎಂದು ಗ್ಯಾರೇಜಿನವರು ಬಾಗಿಲ ಅಂಚಿಗೋ ಇಂಜಿನ್ ಬಳಿಯೋ ಅಂಟಿಸುವ ಚೀಟಿ ಇದ್ದರೆ ಅದನ್ನು ಕೀಳಬೇಡಿ. ಅದರ ಮೇಲಿನ ಸಂಖ್ಯೆಯನ್ನೂ ಈಗಿನ ಮೀಟರ್ ರೀಡಿಂಗನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸರ್ವಿಸ್ ಆದ ಮೇಲೆ ಗಾಡಿ ಎಷ್ಟು ಓಡಿದೆ ಎಂಬುದು ಯಾರ ಬಾಯಿಮಾತೂ ಇಲ್ಲದೆ ತಿಳಿಯುತ್ತದೆ.

ಜಿಎಸ್‌ಟಿ ಬಿಲ್ ಇಲ್ಲ ಎಂದು ಕಂಗೆಡಬೇಡಿ. ಕೈಬರಹದ ಚೀಟಿ, ಫೋನ್‌ಪೇ ವಿವರ, ‘ಗಾಡಿ ರೆಡಿ ಇದೆ ಸರ್’ ಎಂಬ ವಾಟ್ಸಾಪ್ ಸಂದೇಶ ಇವು ಮೂರೂ ಸೇರಿದರೆ ಸೇವೆ ಪಡೆದದ್ದಕ್ಕೂ ಹಣ ಕೊಟ್ಟದ್ದಕ್ಕೂ ಸಾಕಷ್ಟು ಆಧಾರವಾಗುತ್ತದೆ. ಫೋನಿನಿಂದ ತೆಗೆದ ಪ್ರತಿಗಳ ಜೊತೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಕೊಡಬೇಕಾದ ಪ್ರಮಾಣೀಕರಣವನ್ನೂ ಲಗತ್ತಿಸಿ. ಗ್ರಾಹಕ ಆಯೋಗ ಸಾಕ್ಷ್ಯದ ನಿಯಮಗಳನ್ನು ಸಿವಿಲ್ ನ್ಯಾಯಾಲಯದಷ್ಟು ಕಟ್ಟುನಿಟ್ಟಾಗಿ ನೋಡದಿದ್ದರೂ, ಎದುರಿನವರಿಗೆ ತಕರಾರು ತೆಗೆಯಲು ಆಸ್ಪದ ಕೊಡಬಾರದು.

ಇಂಜಿನ್ ಬಿಚ್ಚುವ ಕ್ರಮ ಹೀಗಿರಲಿ. ಮೊದಲ ಗ್ಯಾರೇಜಿನ ಮಾಲೀಕರಿಗೆ ಒಂದು ನೋಟಿಸ್ ಕಳಿಸಿ, ಬಿಚ್ಚುವ ದಿನ, ಸಮಯ, ಸ್ಥಳ ತಿಳಿಸಿ, ಹಾಜರಿರಲು ಕರೆಯಿರಿ. ಭಾಷೆ ಸರಳವಾಗಿರಲಿ: ‘ತಾವು ಇಂಥ ದಿನ ಸರ್ವಿಸ್ ಮಾಡಿಕೊಟ್ಟ ಇಂಥ ನೋಂದಣಿ ಸಂಖ್ಯೆಯ ಕಾರಿನ ಡ್ರೈನ್ ಬೋಲ್ಟ್ ಇಂಥ ದಿನ ಕಳಚಿಬಿದ್ದು ಇಂಜಿನ್ ಕೆಟ್ಟಿದೆ. ಇದು ತಮ್ಮ ಕೆಲಸದ ನ್ಯೂನತೆಯಿಂದ ಆದದ್ದೆಂಬುದು ನಮ್ಮ ನಿಲುವು. ಈ ಕೆಳಗಿನ ದಿನ ಮತ್ತು ಸ್ಥಳದಲ್ಲಿ ತಜ್ಞರ ಸಮ್ಮುಖದಲ್ಲಿ ಇಂಜಿನ್ ಬಿಚ್ಚಲಾಗುವುದು. ತಾವು ಅಥವಾ ತಮ್ಮ ಕಡೆಯ ಮೆಕ್ಯಾನಿಕ್ ಹಾಜರಿದ್ದು ಪರಿಶೀಲಿಸಬಹುದು. ಬಾರದಿದ್ದಲ್ಲಿ ತಮ್ಮ ಗೈರುಹಾಜರಿಯಲ್ಲಿಯೇ ಪರಿಶೀಲನೆ ನಡೆಯುವುದು.’ ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನೂ ತಲುಪಿದ ವಿವರವನ್ನೂ ಇಟ್ಟುಕೊಳ್ಳಿ. ಅದೇ ಪ್ರತಿಯನ್ನು ವಾಟ್ಸಾಪ್‌ನಲ್ಲಿಯೂ ಹಾಕಿ. ಏಳೆಂಟು ದಿನದ ಅವಕಾಶ ಕೊಟ್ಟರೆ ಸಾಕು. ದೂರು ಕೊಡುವ ಮೊದಲು ನೋಟಿಸ್ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ, ಆದರೆ ಕರೆದರೂ ಬಾರದವರು ಆಮೇಲೆ ‘ನಮಗೆ ತೋರಿಸದೆ ಬಿಚ್ಚಿದರು’ ಎಂದು ಹೇಳಿದರೆ ಆ ಮಾತಿಗೆ ತೂಕವಿರುವುದಿಲ್ಲ.

ಬಿಚ್ಚುವ ದಿನ ಮೊದಲಿನಿಂದ ಕೊನೆಯವರೆಗೆ ವಿಡಿಯೋ ಮಾಡಿಸಿ. ಏನು ಕಂಡಿತು ಎಂಬುದನ್ನು ಮಹಜರಿನ ರೀತಿಯಲ್ಲಿ ಒಂದು ಹಾಳೆಯಲ್ಲಿ ಬರೆದು, ಅಲ್ಲಿದ್ದವರೆಲ್ಲರ ಸಹಿ ಹಾಕಿಸಿ. ಆಯಿಲ್ ಚೇಂಬರ್, ಕ್ರ್ಯಾಂಕ್ ಬೇರಿಂಗುಗಳು, ಆಯಿಲ್ ಫಿಲ್ಟರ್ ಇವನ್ನು ಗ್ಯಾರೇಜಿನವರಿಗೆ ಬಿಡದೆ ಚೀಲದಲ್ಲಿ ಕಟ್ಟಿ, ಮೇಲೆ ದಿನಾಂಕ ಬರೆದು ಮನೆಗೆ ತನ್ನಿ. ಆಯಿಲ್ ಇಲ್ಲದೆ ಓಡಿದ ಇಂಜಿನಿನ ಬೇರಿಂಗುಗಳು ಸುಟ್ಟು, ಸವೆದು, ಕೆಲವೊಮ್ಮೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ; ವಯಸ್ಸಾಗಿ ಕೆಟ್ಟ ಇಂಜಿನಿನ ಸವೆತ ಹಾಗಿರುವುದಿಲ್ಲ. ‘ಹಳೆಯ ಗಾಡಿ, ಇಂದಲ್ಲ ನಾಳೆ ಹೋಗುವುದೇ ಇತ್ತು’ ಎಂಬ ಎರಡನೆಯ ವಾದಕ್ಕೆ ಉತ್ತರ ಅಲ್ಲಿದೆ.

ತಜ್ಞರು ಯಾರಾಗಬೇಕು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಎರಡನೆಯ ಗ್ಯಾರೇಜಿನ ಲೆಟರ್‌ಹೆಡ್ ಒಂದೇ ಸಾಲದು. 92,000 ರೂಪಾಯಿಯ ಕೆಲಸ ಸಿಗಲಿರುವವರು ತಾನೇ ಅವರು. ಎದುರುದಾರರು ಮೊದಲು ಎತ್ತುವ ಆಕ್ಷೇಪವೇ ಅದಾಗಿರುತ್ತದೆ. ಪಾಲಿಟೆಕ್ನಿಕ್‌ನ ಆಟೊಮೊಬೈಲ್ ವಿಭಾಗದ ಅಥವಾ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕರೊಬ್ಬರನ್ನೋ, ಪರವಾನಗಿ ಇರುವ ಮೋಟಾರು ವಿಮಾ ಸರ್ವೇಯರ್ ಒಬ್ಬರನ್ನೋ ಶುಲ್ಕ ಕೊಟ್ಟು ಕರೆಯಿರಿ. ಅವರು ಕಂಡದ್ದನ್ನೂ, ಅದಕ್ಕೆ ಕಾರಣವೇನೆಂಬ ಅಭಿಪ್ರಾಯವನ್ನೂ, ಆ ಅಭಿಪ್ರಾಯಕ್ಕೆ ಆಧಾರವನ್ನೂ ವರದಿಯಲ್ಲಿ ಬರೆದು, ಪ್ರಮಾಣಪತ್ರದ (ಅಫಿಡವಿಟ್) ಮೂಲಕ ದೃಢೀಕರಿಸಬೇಕು. ಆಯೋಗದ ವಿಚಾರಣೆ ಹೆಚ್ಚಾಗಿ ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆಯೇ ನಡೆಯುವುದರಿಂದ, ಸಹಿ ಮಾತ್ರ ಇರುವ ವರದಿಗೂ ಪ್ರಮಾಣ ಮಾಡಿ ಕೊಟ್ಟ ವರದಿಗೂ ಬಹಳ ವ್ಯತ್ಯಾಸವಿದೆ.

ನಿಮ್ಮ ಪ್ರಕರಣದ ದುರ್ಬಲ ಜಾಗ ನೀವೇ ಬರೆದಿರುವ ಆ ‘ಸ್ವಲ್ಪ ದೂರ’. ಕೆಂಪು ಆಯಿಲ್ ದೀಪ ಹೊತ್ತಿತೆಂದರೆ ಇಂಜಿನಿನೊಳಗೆ ಆಯಿಲ್‌ನ ಒತ್ತಡ ಕುಸಿದಿದೆ ಎಂದರ್ಥ, ಅಲ್ಲಿಂದ ಹಾನಿಗೆ ನಿಮಿಷಗಳು ಸಾಕು. ಎದುರುದಾರರು ‘ದೀಪ ಕಂಡ ಕೂಡಲೇ ನಿಲ್ಲಿಸಿದ್ದರೆ ಇಂಜಿನ್ ಉಳಿಯುತ್ತಿತ್ತು’ ಎಂದು ಖಂಡಿತ ಹೇಳುತ್ತಾರೆ. ಆಯೋಗಕ್ಕೆ ಆ ಮಾತು ಸರಿ ಎನಿಸಿದರೆ ದೂರನ್ನು ತಳ್ಳಿಹಾಕದಿದ್ದರೂ ಪರಿಹಾರವನ್ನು ಇಳಿಸಬಹುದು. ಇದನ್ನು ಮುಚ್ಚಿಡಲು ಹೋಗಬೇಡಿ. ಎಷ್ಟು ದೂರ ಎಂಬುದನ್ನು ದಾಖಲೆಯಿಂದಲೇ ಹೇಳಿ. ಕ್ಯಾತ್ಸಂದ್ರ ಟೋಲ್ ದಾಟಿದ ಸಮಯ ಫಾಸ್ಟ್ಯಾಗ್ ಖಾತೆಯಲ್ಲಿದೆ, ಟೋಯಿಂಗ್‌ನವರಿಗೆ ಕರೆ ಮಾಡಿದ ಸಮಯ ನಿಮ್ಮ ಫೋನಿನಲ್ಲಿದೆ, ಗಾಡಿ ನಿಂತ ಜಾಗ ಟೋಯಿಂಗ್ ರಸೀದಿಯಲ್ಲಿದೆ. ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ನಿಮಿಷಕ್ಕೆ 1.3 ಕಿಲೋಮೀಟರಿಗಿಂತ ಹೆಚ್ಚು ಸಾಗುತ್ತದೆ. ಹಿಂದೆ ಲಾರಿಗಳಿರುವಾಗ ಎಡಕ್ಕೆ ಸರಿದು, ಸುರಕ್ಷಿತ ಜಾಗ ನೋಡಿ ನಿಲ್ಲಿಸಲು ಅಷ್ಟು ಹೊತ್ತು ಹಿಡಿಯುವುದು ಸಹಜ. ಒಂದೆರಡು ಕಿಲೋಮೀಟರಾಗಿದ್ದರೆ ಇದೇ ಸಮರ್ಥನೆ ಸಾಕು. ಹತ್ತು ಕಿಲೋಮೀಟರ್ ಓಡಿಸಿದ್ದರೆ ಮಾತ್ರ ಪೂರ್ತಿ ಮೊತ್ತ ಸಿಗುವ ಆಸೆ ಇಟ್ಟುಕೊಳ್ಳಬೇಡಿ.

ದೂರುದಾರರು ಯಾರಾಗಬೇಕು? ಕಾರು ಪತ್ನಿಯ ಹೆಸರಿನಲ್ಲಿದೆ, ಸೇವೆ ಪಡೆದು ಹಣ ಕೊಟ್ಟವರು ನೀವು. ಇಬ್ಬರೂ ಸೇರಿ ದೂರು ಕೊಡುವುದೇ ಕ್ಷೇಮ. ಇದರಲ್ಲಿ ಇನ್ನೊಂದು ಅನುಕೂಲವಿದೆ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ತುಮಕೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ನಿಮ್ಮ ಪತ್ನಿಯವರು ಅರ್ಜಿ ಕೊಟ್ಟರೆ ವಕೀಲರ ನೆರವು ದೊರೆಯುತ್ತದೆ. ಇದೇ ಪ್ರಶ್ನೆಯಿರುವ ಹಳದಿ ಬೋರ್ಡ್ ಗಾಡಿಯವರಿಗೂ ಒಂದು ಮಾತು: ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆ ಈ ಕಾಯ್ದೆಯ ಹೊರಗಿದೆ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ತಾನೇ ಗಾಡಿ ಓಡಿಸುವವರನ್ನು ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ. ಅದನ್ನು ದೂರಿನಲ್ಲಿ ಬಾಯಿಬಿಟ್ಟು ಹೇಳಬೇಕು.

ಎದುರುದಾರರಾಗಿ ಗ್ಯಾರೇಜಿನ ಬೋರ್ಡ್ ಮೇಲಿರುವ ಹೆಸರಷ್ಟನ್ನೇ ಬರೆದರೆ ಮುಂದೆ ಆದೇಶ ಜಾರಿ ಮಾಡಿಸುವಾಗ ತೊಡಕಾಗುತ್ತದೆ. ಮಾಲೀಕರ ಹೆಸರು ಬೇಕು. ಚೀಟಿಯ ಮೇಲೆ ಜಿಎಸ್‌ಟಿ ಸಂಖ್ಯೆ ಇದ್ದರೆ ಅದನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದಾಗ ಕಾನೂನುಬದ್ಧ ಹೆಸರು ಸಿಗುತ್ತದೆ. ಇಲ್ಲದಿದ್ದರೆ ಮಹಾನಗರ ಪಾಲಿಕೆಯಲ್ಲಿ ವ್ಯಾಪಾರ ಪರವಾನಗಿಯ ವಿವರವನ್ನು ಮಾಹಿತಿ ಹಕ್ಕಿನಡಿ ಕೇಳಿ. ‘ಅದು ನಮ್ಮ ಹುಡುಗ ಮಾಡಿದ್ದು, ಈಗ ಕೆಲಸ ಬಿಟ್ಟಿದ್ದಾನೆ’ ಎಂದು ಮಾಲೀಕರು ಹೇಳಿದರೆ ಅದರಿಂದ ಅವರ ಹೊಣೆ ತಪ್ಪುವುದಿಲ್ಲ. ಆ ಹುಡುಗನನ್ನು ಎದುರುದಾರನನ್ನಾಗಿ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ದಿನಗೂಲಿಯವನನ್ನು ಆಯೋಗದ ಮುಂದೆ ಅಲೆಸುವುದರಿಂದ ನಿಮಗೆ ಒಂದು ರೂಪಾಯಿಯೂ ಹೆಚ್ಚು ಸಿಗುವುದಿಲ್ಲ.

ಪರಿಹಾರದ ಮೊತ್ತದಲ್ಲಿ ಸಂಯಮವಿರಲಿ. ಇಂಜಿನ್ ರಿಪೇರಿಯ ವೆಚ್ಚ, ಟೋಯಿಂಗ್, ತಜ್ಞರ ಶುಲ್ಕ, ಆಯಿಲ್ ಬದಲಾವಣೆಗೆ ಕೊಟ್ಟ ಹಣ, ಗಾಡಿಯಿಲ್ಲದ ದಿನಗಳ ಓಡಾಟದ ಖರ್ಚು, ಮಾನಸಿಕ ವೇದನೆಗೆ ಒಂದು ಸಾಧಾರಣ ಮೊತ್ತ ಮತ್ತು ದೂರಿನ ವೆಚ್ಚ, ಇಷ್ಟನ್ನು ರಸೀದಿ ಸಹಿತ ಕೇಳಿ. ಬ್ರೇಕ್ ಪ್ಯಾಡಿನ ಹಣ ಕೇಳಬೇಡಿ, ಅದರಲ್ಲಿ ತಪ್ಪೇನೂ ನಡೆದಿಲ್ಲ. ಒಂಬತ್ತು ವರ್ಷದ ಇಂಜಿನಿಗೆ ಹೊಸ ಭಾಗಗಳು ಬೀಳುವುದರಿಂದ, ಗಾಡಿ ಮೊದಲಿಗಿಂತ ಉತ್ತಮವಾಗಿದೆ ಎಂಬ ಕಾರಣಕ್ಕೆ ಆಯೋಗ ಸ್ವಲ್ಪ ಕಡಿತ ಮಾಡಬಹುದು. ತೀರ್ಪು ಬರುವವರೆಗೆ ಕಾರನ್ನು ಹಾಗೆಯೇ ನಿಲ್ಲಿಸಿ ದಿನಾ ಟ್ಯಾಕ್ಸಿ ಬಾಡಿಗೆ ಸೇರಿಸುತ್ತ ಹೋಗುವ ಯೋಚನೆ ಬೇಡ. ನಷ್ಟವನ್ನು ತಗ್ಗಿಸಲು ಇದ್ದ ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಕರಾರು ಕಾಯ್ದೆಯ 73ನೆಯ ಕಲಮಿನ ವಿವರಣೆಯೇ ಹೇಳುತ್ತದೆ. ಪರಿಶೀಲನೆ ಮುಗಿದು ಭಾಗಗಳನ್ನು ತೆಗೆದಿಟ್ಟುಕೊಂಡ ಕೂಡಲೇ ರಿಪೇರಿ ಮಾಡಿಸಿ, ಪಕ್ಕಾ ಬಿಲ್ ಪಡೆಯಿರಿ. ಅಂದಾಜುಪಟ್ಟಿಗಿಂತ ಪಾವತಿಯಾದ ಬಿಲ್‌ಗೆ ಬೆಲೆ ಹೆಚ್ಚು.

ವಿಮೆಯ ಬಗ್ಗೆ ಒಂದು ಎಚ್ಚರಿಕೆ. ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಯಾಂತ್ರಿಕ ಕೆಡುಕಿಗೆ ರಕ್ಷಣೆ ಇರುವುದಿಲ್ಲ. ಇಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇದ್ದರೆ ಷರತ್ತುಗಳನ್ನು ಓದಿ, ಈಗಲೇ ವಿಮಾ ಕಂಪನಿಗೆ ತಿಳಿಸಿ. ಆದರೆ ಕ್ಲೇಮು ಸಿಗಲೆಂದು ಅಲ್ಲಿ ‘ಕಲ್ಲು ಹೊಡೆಯಿತು’ ಎಂದು ಬರೆದುಕೊಟ್ಟು, ಇಲ್ಲಿ ‘ಬೋಲ್ಟ್ ಬಿಗಿದಿರಲಿಲ್ಲ’ ಎಂದರೆ ಎರಡೂ ಕಡೆ ಸೋಲುತ್ತೀರಿ, ಸೋಲಲೂಬೇಕು.

ದೂರು ಕೊಡಲು ಘಟನೆಯಿಂದ ಎರಡು ವರ್ಷದ ಕಾಲಮಿತಿಯಿದೆ. ಆಯೋಗದ ಕಚೇರಿಯಲ್ಲಿಯೇ ಕೊಡಬಹುದು. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೂ ಸಲ್ಲಿಸಬಹುದು. ದೂರು ಅಂಗೀಕಾರವಾದ ಮೇಲೆ ಎದುರುದಾರರಿಗೆ ನೋಟಿಸ್ ಹೋಗುತ್ತದೆ. ಅವರು 30 ದಿನಗಳೊಳಗೆ, ಆಯೋಗ ಅವಕಾಶ ಕೊಟ್ಟರೆ ಇನ್ನೂ 15 ದಿನಗಳೊಳಗೆ ತಮ್ಮ ಹೇಳಿಕೆ ಸಲ್ಲಿಸಬೇಕು. ಇದೇ 45 ದಿನದ ಮಿತಿ ಹಿಂದಿನ 1986ರ ಕಾಯ್ದೆಯಲ್ಲಿಯೂ ಇತ್ತು. ಅದನ್ನು ಮೀರಿ ಸಮಯ ಕೊಡುವ ಅಧಿಕಾರ ಆಯೋಗಕ್ಕಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಆ ದಿನಾಂಕವನ್ನು ನೀವೇ ಗುರುತು ಹಾಕಿಕೊಂಡಿರಿ. ದೂರನ್ನು ಸಾಧ್ಯವಾದಷ್ಟೂ ಮೂರು ತಿಂಗಳಲ್ಲಿ, ಪರೀಕ್ಷೆಗಳು ಬೇಕಾದರೆ ಐದು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆಯಲ್ಲಿದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ ಎಂಬುದಕ್ಕೆ ಸಿದ್ಧರಾಗಿರಿ.

ನಡುವೆ ಮಧ್ಯಸ್ಥಿಕೆಗೆ ಒಪ್ಪುತ್ತೀರಾ ಎಂದು ಆಯೋಗ ಕೇಳಬಹುದು. ಒಪ್ಪಿಕೊಳ್ಳಿ ಎಂಬುದೇ ನನ್ನ ಸಲಹೆ. ತುಮಕೂರಿನಂಥ ಊರಿನಲ್ಲಿ ಗ್ಯಾರೇಜ್ ನಡೆಯುವುದು ಬಾಯಿಂದ ಬಾಯಿಗೆ ಹರಡುವ ಹೆಸರಿನ ಮೇಲೆ. ತಜ್ಞರ ವರದಿ ಎದುರಿಗಿರುವಾಗ ಬಿಡಿಭಾಗಗಳ ಖರ್ಚಿನ ದೊಡ್ಡ ಪಾಲನ್ನು ಕೊಡಲು ಮಾಲೀಕರು ಮುಂದೆ ಬರುವುದುಂಟು. ಅದೇ ಗ್ಯಾರೇಜಿನಲ್ಲಿ ಇಂಜಿನ್ ಕೆಲಸ ಮಾಡಿಸಿಕೊಡುತ್ತೇವೆ ಎಂದರೆ ಮಾತ್ರ, ವಾರಂಟಿಯ ಅವಧಿಯನ್ನು ಬರಹದಲ್ಲಿ ಪಡೆಯದೆ ಹೂಂ ಎನ್ನಬೇಡಿ. ಏನೇ ಒಪ್ಪಂದವಾದರೂ ಅದು ಆಯೋಗದ ದಾಖಲೆಗೆ ಸೇರಲಿ. ಈ ಅವಧಿಯಲ್ಲಿ ಗ್ಯಾರೇಜಿನ ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ಬರೆಯುವುದು ಬೇಡ. ಮಾನನಷ್ಟದ ಪ್ರತಿದೂರು ಎದುರಿಸುತ್ತ ಕೂರಬೇಕಾದೀತು.

ಆದೇಶ ನಿಮ್ಮ ಪರವಾಗಿ ಬಂದರೆ ಎದುರುದಾರರು 45 ದಿನಗಳೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಅದಕ್ಕೆ ಆದೇಶಿತ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯನ್ನೂ ಹೋಗದೆ, ಹಣವನ್ನೂ ಕೊಡದೆ ಸುಮ್ಮನಿದ್ದರೆ ನೀವು ಅದೇ ಜಿಲ್ಲಾ ಆಯೋಗದಲ್ಲಿ ಆದೇಶ ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಹಾಕಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆಯ 71ನೆಯ ಕಲಮಿನಡಿ ಆದೇಶವನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಜಾರಿಗೊಳಿಸಿ ಆಸ್ತಿ ಜಪ್ತಿ ಮಾಡಿಸಲು ಅವಕಾಶವಿದೆ. 72ನೆಯ ಕಲಮಿನಡಿ ಆದೇಶ ಪಾಲಿಸದವರಿಗೆ ಒಂದು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ, ಒಂದು ಲಕ್ಷದವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಇವೆರಡೂ ಬೇರೆ ಬೇರೆ ಅರ್ಜಿಗಳು. ಮೊದಲನೆಯದರಿಂದ ಆರಂಭಿಸಿ, ನಿಮಗೆ ಬೇಕಾಗಿರುವುದು ಹಣ.